ವಲ್ಲಿಯ ಕೆಳಗಿನ ಮಾತು

ನಮ್ಮಪ್ಪನ ಕಾಲು ಕತ್ತರಿಸುವುದು ಬೇಡ, ಕತ್ತರಿಸದೆ ಜೀವ ಹೋದರೂ ಸರಿ ಎಂದು ಬರೆದ ಕಾಗದಕ್ಕೆ ಸಹಿ ಹಾಕಿದವಳು ನಾನೇ. ಅಪ್ಪನ ಪರವಾಗಿ ಮಾತಾಡುತ್ತಿದ್ದೇನೆ ಎಂಬ ಹೆಮ್ಮೆ ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ನನಗೆ ಬಾಯಿ ಬರುವುದಿಲ್ಲ.

ನನ್ನ ಹೆಸರು ರೇಣುಕಾದೇವಿ. ಹದಿನಾಲ್ಕು ವರ್ಷದಿಂದ ಬಸ್ ಕಂಡಕ್ಟರ್. ಲಿಂಗಸುಗೂರಿನಿಂದ ಮಸ್ಕಿ, ಮಸ್ಕಿಯಿಂದ ಸಿಂಧನೂರು, ತಿರುಗಿ ಅದೇ ದಾರಿ. ಬಾಗಿಲಲ್ಲಿ ಕಾಲಿಡುವ ಮುಂಚೆಯೇ ಯಾರು ಎಲ್ಲಿ ಇಳಿಯುತ್ತಾರೆ ಎಂದು ಹೇಳಬಲ್ಲೆ. ಯಾರು ಚಿಲ್ಲರೆ ಇಟ್ಟುಕೊಂಡೇ ಇಲ್ಲ ಎನ್ನುತ್ತಾರೆ, ಯಾರು ಗಂಡನ ಜೊತೆ ಜಗಳವಾಡಿ ತವರಿಗೆ ಹೊರಟಿದ್ದಾರೆ, ಎಲ್ಲಾ ಮುಖದ ಮೇಲೆ ಬರೆದಿರುತ್ತದೆ. ಅಂಥವಳಿಗೆ ಹೆತ್ತ ಅಪ್ಪನ ಮನಸ್ಸು ಗೊತ್ತಿಲ್ಲ ಎಂದು ಯಾರಾದರೂ ಅಂದಿದ್ದರೆ ಅವರ ಗ್ರಹಚಾರ ಬಿಡಿಸುತ್ತಿದ್ದೆ.

ಅಪ್ಪನ ಹೆಸರು ದ್ಯಾವಪ್ಪ, ಊರು ಗೊರೇಬಾಳ. ನಲವತ್ತು ವರ್ಷ ಎತ್ತಿನ ದಲ್ಲಾಳಿಯಾಗಿದ್ದವನು. ಕಾಲುವೆ ನೀರು ಬಂದು, ಭತ್ತ ಬಂದು, ಟ್ರ್ಯಾಕ್ಟರ್ ಬಂದು ಎತ್ತುಗಳು ಕಡಿಮೆಯಾದರೂ ಅಪ್ಪ ಸಂತೆ ಬಿಡಲಿಲ್ಲ. ಚಿಕ್ಕವಳಿದ್ದಾಗ ಅವನಿಗೆ ರೊಟ್ಟಿ ಗಂಟು ಕೊಡಲು ಸಂತೆಗೆ ಹೋಗುತ್ತಿದ್ದೆ. ಗಂಡಸರು ಕೈಮೇಲೆ ವಲ್ಲಿ, ಅಂದರೆ ಹೆಗಲ ಮೇಲಿನ ಟವೆಲ್ಲು, ಹಾಕಿಕೊಂಡು ಮೂಕರಂತೆ ನಿಂತಿರುತ್ತಿದ್ದರು. ಅದು ಅವರ ವ್ಯಾಪಾರ, ಹೆಣ್ಣುಮಕ್ಕಳಿಗೆ ಅಲ್ಲಿ ಕೆಲಸವಿಲ್ಲ. ನಾನು ರೊಟ್ಟಿ ಕೊಟ್ಟು, ಮಂಡಕ್ಕಿ ಕಟ್ಟಿಸಿಕೊಂಡು ಬಂದುಬಿಡುತ್ತಿದ್ದೆ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮೊದಲನೆಯದು ಅಪ್ಪನಿಗೆ ಬರಲಿಲ್ಲ, ಎರಡನೆಯದು ನನಗೆ. ಸಕ್ಕರೆ ಕಾಯಿಲೆ ಇಟ್ಟುಕೊಂಡು ಜಿಲೇಬಿ ತಿನ್ನುತ್ತಿದ್ದ. ಎಡಗಾಲಿಗೆ ಚಪ್ಪಲಿ ಮೊಳೆ ಚುಚ್ಚಿ ಹುಣ್ಣಾದದ್ದನ್ನು ಯಾರಿಗೂ ತೋರಿಸಲಿಲ್ಲ. ಒಂದು ದಿನ ಚಹಾದಂಗಡಿ ಬೆಂಚಿನ ಮೇಲೆ ಕೂತವನು ಹಾಗೇ ಬಲಕ್ಕೆ ವಾಲಿದ. ಲಕ್ವಾ. ಬಲಗೈ, ಬಲಗಾಲು, ಮಾತು, ಮೂರೂ ಒಂದೇ ಗಳಿಗೆಯಲ್ಲಿ ಹೋದವು. ಸಿಂಧನೂರಿನ ಆಸ್ಪತ್ರೆಗೆ ತಂದು ಹಾಕಿದೆವು. ಎಂಟನೇ ದಿನಕ್ಕೆ, ಸರಿ ಇದ್ದ ಎಡಗಾಲು ಹೆಬ್ಬೆರಳಿನಿಂದ ಕಪ್ಪಾಗುತ್ತ ಬಂತು.

ಮಂಗಳವಾರ ಬೆಳಿಗ್ಗೆ ಡಾಕ್ಟರ್ ಅನಿಲಕುಮಾರ ನಮ್ಮನ್ನು ಅಪ್ಪನ ಮಂಚದ ಸುತ್ತ ನಿಲ್ಲಿಸಿಕೊಂಡರು. ಅವ್ವ ಗ್ಯಾನಮ್ಮ, ತಮ್ಮ ಸಿದ್ದರಾಮೇಶ, ನಾನು. ಕಾಲು ಕೊಳೆಯುತ್ತಿದೆ, ನಂಜು ರಕ್ತಕ್ಕೆ ಇಳಿಯುತ್ತಿದೆ, ಮೊಣಕಾಲಿನ ಕೆಳಗೆ ತೆಗೆದರೆ ಬದುಕುವ ಸಾಧ್ಯತೆ ಇದೆ, ತೆಗೆಯದಿದ್ದರೆ ವಾರವೋ ಹತ್ತು ದಿನವೋ ಎಂದರು.

ಮೊದಲು ಅವರು ಅಪ್ಪನನ್ನೇ ಕೇಳಿದರು. ಅದನ್ನು ಅವರ ಪರವಾಗಿ ಹೇಳಲೇಬೇಕು.

"ಯಜಮಾನ್ರ, ನಾ ಹೇಳಿದ್ದು ತಿಳಿತೇನ್ರಿ? ತಿಳಿದಿದ್ರ ತಲಿ ಆಡಸ್ರಿ."

ಅಪ್ಪ ತಲೆ ಆಡಿಸಿದ.

"ಇದು ನಿಮ್ಮ ಮನಿ ಏನ್ರಿ?"

ಅಪ್ಪ ಅದಕ್ಕೂ ತಲೆ ಆಡಿಸಿದ.

"ನಿಮ್ಮ ಹೆಸರು ಬಸವರಾಜ ಏನ್ರಿ?"

ಅದಕ್ಕೂ ಹೌದು. ಬೆರಳು ತೋರಿಸಿ ಎಂದರೆ ಕೈಯೆತ್ತಿ ಸುಮ್ಮನೆ ನೋಡಿದ. ಹತ್ತು ಊರಿನ ಎತ್ತಿನ ಹಲ್ಲು ಎಣಿಸಿದವನಿಗೆ ತನ್ನ ಬೆರಳು ತಿಳಿಯುತ್ತಿಲ್ಲ.

ಡಾಕ್ಟರು ನಮ್ಮ ಕಡೆ ತಿರುಗಿದರು. "ಅವರ ಫೈಸಲಾ ಅವರು ಮಾಡೋ ಸ್ಥಿತಿಯೊಳಗಿಲ್ಲ. ಅವರ ಬದಲಿ ನೀವು ಹೇಳಬೇಕು. ಆದ್ರ ಒಂದು ಮಾತು ತಲಿಯಾಗಿಟ್ಕೋರಿ. ನಿಮಗೇನು ಬೇಕು ಅಂತ ನಾ ಕೇಳಾಕತ್ತಿಲ್ಲ. ಈಗ ಅವರಿಗೆ ಬಾಯಿ ಬಂದು, ಎಲ್ಲಾ ತಿಳಕೊಂಡು ನಮ್ಮ ಮುಂದ ಕುಂತಿದ್ರ ಅವರೇನಂತಿದ್ರು, ಅದನ್ನ ಹೇಳ್ರಿ. ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ರಿ, ತಪ್ಪೇನಿಲ್ಲ. ಆವಾಗ ಅವರಿಗೆ ಯಾವುದು ಹಿತ ಅಂತ ಎಲ್ಲಾರೂ ಕೂಡಿ ನೋಡೋಣ."

ಗೊತ್ತಿಲ್ಲ ಎಂಬ ಮಾತು ನನ್ನ ಬಾಯಲ್ಲಿ ಹುಟ್ಟಿದ್ದೇ ಇಲ್ಲ.

ಅವ್ವನನ್ನು ಕೇಳಿದರೆ ಸೆರಗು ಬಾಯಿಗೆ ಒತ್ತಿಕೊಂಡು, "ನಾ ಏನು ಹೇಳ್ಲಿ ಸಾಹೇಬ್ರ, ನನ್ನ ಮಗಳು ನಾಕು ಊರು ತಿರುಗಿದಾಕಿ, ಆಕಿ ಹೇಳಿದಂಗ" ಎಂದಳು. ಸಿದ್ದ ಮಾತ್ರ ನೆಲ ನೋಡುತ್ತ, "ಕಾಲು ಹೋದ್ರ ಹೋಗ್ಲಿ ಅಕ್ಕ. ಅಪ್ಪ ಇರ್ತಾನಲ್ಲ" ಎಂದ.

"ಇರ್ತಾನ. ಹ್ಯಾಂಗಿರ್ತಾನ?" ಎಂದೆ. "ಬಲಗಡಿ ಮೊದಲ ಸತ್ತೈತಿ. ಎಡಗಾಲೂ ಹೋದ್ರ ಹಾಸಿಗಿ ಹಿಡದು ಮಲಗ್ತಾನ. ನಿನಗ ಅಪ್ಪನ ಚಿಂತಿಲ್ಲ ಸಿದ್ದ. ಅಪ್ಪನ್ನ ಸಾಯಾಕ ಬಿಟ್ಟ ಅಂತ ಊರು ನಿನಗನಬಾರದು, ಅಷ್ಟ ನಿನ್ನ ಚಿಂತಿ."

ಸಿದ್ದನ ಮುಖ ಬಿಳುಚಿತು. ನಾನು ಅಷ್ಟಕ್ಕೆ ಬಿಡಲಿಲ್ಲ, ಡಾಕ್ಟರಿಗೆ ಅಂಬಪ್ಪನ ಕಥೆ ಹೇಳಿದೆ. ಅಂಬಪ್ಪ ನಮ್ಮೂರಿನವನು, ಇದೇ ಸಕ್ಕರೆ ಕಾಯಿಲೆಯಲ್ಲಿ ಕಾಲು ಹೋಗಿ ಮೂರು ವರ್ಷ ಕಟ್ಟೆಯ ಮೇಲೆ ಕೂತೇ ಇದ್ದ. ಕಳೆದ ಯುಗಾದಿ ಮುಗಿದ ಮೇಲೆ ಅಪ್ಪ ಅವನನ್ನು ಮಾತಾಡಿಸಿಕೊಂಡು ಬಂದು ನನ್ನ ಬಸ್ಸು ಹತ್ತಿದ. ನನ್ನ ಪಕ್ಕದ ಸೀಟಿನಲ್ಲಿ ಕೂತು, "ರೇಣುಕಾ, ನನಗ ಹಿಂಗೇನರ ಆದ್ರ ಕಡಿಸಬ್ಯಾಡವ್ವಾ. ಕಾಲಿಲ್ಲದ ಎತ್ತು ಯಾರು ಕಟ್ಕೋತಾರ. ಹೋಗ್ಲಿ ಬಿಡ್ರಿ ಅಂದುಬಿಡು" ಎಂದಿದ್ದ. ಸುಳ್ಳಲ್ಲ. ಒಂದಕ್ಷರ ಕೂಡಿಸದೆ, ಕಳೆಯದೆ ಹಾಗೇ ಹೇಳಿದೆ.

ಡಾಕ್ಟರು ಬರೆದುಕೊಂಡರು. "ಯಾವಾಗ ಅಂದ್ರು? ಒಮ್ಮೆ ಅಂದ್ರೋ, ಮತ್ತ ಮತ್ತ ಅಂತಿದ್ರೋ?" ಎಂದು ಕೇಳಿದರು.

"ಒಮ್ಮೆ ಅಂದ್ರ ಸಾಕಲ್ರೀ. ನಮ್ಮಪ್ಪ ಎರಡು ನಾಲಿಗಿಯವನಲ್ಲ" ಎಂದೆ.

ಡಾಕ್ಟರು ನಮ್ಮ ಕಡೆ ತಿರುಗಿದಾಗಿನಿಂದ ನನ್ನ ಬಲಗೈ ಅಪ್ಪನ ಎಡಗೈಯಲ್ಲಿತ್ತು. ಅವನು ಹೊದ್ದಿದ್ದ ಚಾದರವನ್ನು ಅದೇ ಕೈಯ ಬೆರಳಿನಿಂದ ಎಳೆದೆಳೆದು ಎರಡೂ ಕೈಗಳ ಮೇಲೆ ತಂದುಕೊಳ್ಳುತ್ತಿದ್ದ. ಚಳಿ ಎಂದುಕೊಂಡೆ. ನನ್ನ ಅಂಗೈಯನ್ನು ಹೆಬ್ಬೆರಳಿನಿಂದ ಗೀರಿದ. ನಾನು ಮಾತು ಮುಗಿಸುವ ಹೊತ್ತಿಗೆ ನನ್ನ ಕೈಯನ್ನು ಚಾದರದಿಂದ ಹೊರಗೆ ದೂಡಿದ. ಪಾಪ, ಹಿಡಿದುಕೊಳ್ಳಲೂ ಬಲವಿಲ್ಲ ಎಂದುಕೊಂಡು ಅದೇ ಕೈಯಿಂದ ಪೆನ್ನು ತೆಗೆದುಕೊಂಡೆ.

ಅವ್ವನ ಹೆಬ್ಬೆಟ್ಟಿನ ಪಕ್ಕ ನನ್ನ ಸಹಿ ಬಿತ್ತು. ಸಿದ್ದ ಕೊನೆಗೆ ಹಾಕಿದ. ಡಾಕ್ಟರು ಕಾಗದ ಮಡಚುತ್ತ, "ಔಷಧಿ ನಡೀತಿರ್ತೈತಿ. ಮನಸ್ಸು ಬದಲಾದ್ರ ಯಾವಾಗರ ಹೇಳ್ರಿ. ಆದ್ರ ದಿನ ಹೋದಂಗ ಅದು ಮ್ಯಾಲೆ ಏರ್ತೈತಿ, ಅದು ನಿಮಗ ಕಾಯಂಗಿಲ್ಲ" ಎಂದರು.

ಬುಧವಾರ, ಗುರುವಾರ ನೆಂಟರು ಬಂದು ಬಂದು ಮುಖ ನೋಡಿ ಹೋದರು. ಕಡೆಯ ಸಲ ನೋಡಿಕೊಳ್ಳಿ ಎಂದು ನಾನೇ ಫೋನು ಮಾಡಿಸಿದ್ದೆ. ರಜೆ ಹಾಕಿ ಮಂಚದ ಪಕ್ಕದಲ್ಲೇ ಇದ್ದೆ. ಅಪ್ಪನಿಗೆ ಜ್ವರ ಕಾಯುತ್ತಿತ್ತು. ಎಚ್ಚರವಿದ್ದಾಗಲೆಲ್ಲ ಯಾರ ಕೈ ಸಿಕ್ಕರೂ ಹಿಡಿಯುತ್ತಿದ್ದ, ಚಾದರ ಎಳೆಯುತ್ತಿದ್ದ. ಜ್ವರದಲ್ಲಿ ಹೊದೆಯಬಾರದು ಎಂದು ನಾನು ಸರಿಸುತ್ತಿದ್ದೆ. ಅವನು ಮತ್ತೆ ಎಳೆಯುತ್ತಿದ್ದ. ಎರಡು ದಿನ ನಮ್ಮಿಬ್ಬರದು ಇದೇ ಜಗ್ಗಾಟ.

ನರ್ಸ್ ಭುವನೇಶ್ವರಿ ಸೂಜಿ ಹಾಕಲು ಬಂದವಳು, "ಅಕ್ಕಾರ, ನಿಮ್ಮಪ್ಪಾರು ನನ್ನ ಬೆರಳು ಹಿಡದು ಒಂದು, ಎರಡು, ಮೂರು ಅಂತ ಎಣಿಸಿದಂಗ ಮಾಡ್ತಾರ ನೋಡ್ರಿ. ಏನರ ಹೇಳಬೇಕಂತ ಮಾಡ್ಯಾರೇನೋ" ಎಂದಳು.

"ಏನು ಹೇಳ್ತಾನವ್ವಾ. ತನ್ನ ಹೆಸರ ಗೊತ್ತಿಲ್ಲ ಅವಂಗ" ಎಂದೆ. "ನೀ ನಿನ್ನ ಸೂಜಿ ನೋಡಿಕೋ."

ಪಾಪದ ಹುಡುಗಿ ಸೂಜಿ ಹಾಕಿ ಹೋದಳು. ಅವಳ ಮಾತನ್ನು ಒಂದು ನಿಮಿಷ ನಿಂತು ಕೇಳಿದ್ದರೆ ಈ ಕಥೆ ಬೇರೆಯಾಗುತ್ತಿತ್ತು. ಹದಿನಾಲ್ಕು ವರ್ಷ ಮುಂದೆ ಸರೀರಿ ಮುಂದೆ ಸರೀರಿ ಎಂದು ಕೂಗಿ ಕೂಗಿ, ಯಾರ ಮಾತನ್ನೂ ನಿಂತು ಕೇಳುವುದೇ ನನಗೆ ಮರೆತಿತ್ತು.

ಶುಕ್ರವಾರ ಮುಂಜಾನೆ ಹತ್ತರ ಸುಮಾರಿಗೆ ಮಸ್ಕಿಯಿಂದ ಇಸ್ಮಾಯಿಲ್‌ಸಾಬ್ ಬಂದರು. ಅಪ್ಪನ ಜೊತೆ ನಲವತ್ತು ವರ್ಷ ಸಂತೆ ಮಾಡಿದ ದಲ್ಲಾಳಿ, ನಮಗೆ ಕಾಕಾ. ಇಬ್ಬರೂ ಎದುರಾಳಿಗಳೂ ಹೌದು, ಜೋಡಿಯೂ ಹೌದು. ಒಬ್ಬ ಮಾರುವವನ ಕಡೆ ನಿಂತರೆ ಇನ್ನೊಬ್ಬ ಕೊಳ್ಳುವವನ ಕಡೆ. ಕಣ್ಣಿಗೆ ಆಪರೇಷನ್ ಆಗಿದ್ದರಿಂದ ಇಷ್ಟು ದಿನ ಬಂದಿರಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು, ಗೋಡೆ ಹಿಡಿದುಕೊಂಡು ಒಳಗೆ ಬಂದು ಸ್ಟೂಲಿನ ಮೇಲೆ ಕೂತರು.

"ಲೇ ದ್ಯಾವ," ಎಂದರು.

ಅಪ್ಪ ಅವರ ಕೈ ಹಿಡಿದ. ಚಾದರ ಎಳೆದ. ನಾನು ಎಂದಿನಂತೆ ಸರಿಸಲು ಹೋದೆ. ಕಾಕಾ ನನ್ನ ಕೈ ತಡೆದು, ತಮ್ಮ ಹೆಗಲ ಮೇಲಿದ್ದ ವಲ್ಲಿಯನ್ನು ತೆಗೆದು ಇಬ್ಬರ ಕೈಮೇಲೆ ಹಾಸಿದರು. ಬೇಕಂತಲೇ ಮಾಡಿದ್ದಲ್ಲ, ರೂಢಿ. ಅಪ್ಪನ ಕೈ ಹಿಡಿದಾಗಲೆಲ್ಲ ನಲವತ್ತು ವರ್ಷ ಮಾಡಿದ್ದನ್ನೇ ಮಾಡಿದರು.

ವಲ್ಲಿ ಅಲುಗಿತು. ಕಾಕಾನ ಮುಖ ಅಲ್ಲಾಡದೆ ನಿಂತಿತು. ಕನ್ನಡಕ ತೆಗೆದು ಅಪ್ಪನನ್ನು ನೋಡಿದರು, ಆಮೇಲೆ ನನ್ನನ್ನು.

"ಯವ್ವಾ ರೇಣುಕಾ, ಇವಂಗ ಮಾತಿಲ್ಲ ಅಂತ ಯಾರು ಹೇಳಿದ್ರು?"

"ಡಾಕ್ಟರು ಕಾಕಾ. ತಲಿ ಆಡಸ್ತಾನ, ಆದ್ರ ಎಲ್ಲಾದಕ್ಕೂ ಹೂಂ ಅಂತಾನ."

"ತಲಿ ಬಿಡು. ಮಾತಾಡಾಕತ್ತಾನ ಇವ. ಎಡಗೈ ಆಗಿದ್ದಕ್ಕ ತೊದಲು ಮಾತಿದ್ದಂಗೈತಿ, ಆದ್ರ ಬರೋಬ್ಬರಿ ಮಾತಾಡಾಕತ್ತಾನ. ಏನು ನಡದೈತಿ, ಏನು ಕೇಳಾಕತ್ತಾರ, ಹೇಳು ಅನ್ನಾಕತ್ತಾನ."

ನನಗೆ ಏನೂ ತಿಳಿಯಲಿಲ್ಲ. ಕಾಕಾ ವಿವರಿಸಿದರು. ಸಂತೆಯಲ್ಲಿ ನಾಲ್ಕು ಜನರೆದುರು ಬೆಲೆ ಬಾಯಿಬಿಟ್ಟು ಹೇಳುವಂತಿಲ್ಲ, ವಲ್ಲಿಯ ಕೆಳಗೆ ಬೆರಳಿನಿಂದಲೇ ಎಲ್ಲಾ. ಒಂದು ಬೆರಳು ಹಿಡಿದರೆ ಒಂದು, ಐದು ಹಿಡಿದರೆ ಐದು. ಹೆಬ್ಬೆರಳಿನಿಂದ ಅಂಗೈ ಗೀರಿದರೆ "ಏನು ಕೊಡ್ತಿ, ಹೇಳು" ಎಂದು. ಒಪ್ಪಿಗೆಯಾದರೆ ಅಂಗೈಗೆ ಅಂಗೈ ಒತ್ತಬೇಕು. ಒಲ್ಲೆ ಎಂದರೆ ಎದುರಿನವನ ಕೈಯನ್ನು ವಲ್ಲಿಯಿಂದ ಹೊರಗೆ ದೂಡಬೇಕು.

ಹೊರಗೆ ದೂಡಬೇಕು ಎಂದು ಅವರು ಹೇಳಿದಾಗ ನನ್ನ ಬಲಗೈಯನ್ನು ನೋಡಿಕೊಂಡೆ. ಮಂಗಳವಾರ ಬೆಳಿಗ್ಗೆ ಇದೇ ಮಂಚದ ಪಕ್ಕ ನಿಂತು, ಅಪ್ಪ ಏನಂತಾನೆ ಎಂದು ನಾನು ಡಾಕ್ಟರಿಗೆ ಭಾಷಣ ಮಾಡುತ್ತಿದ್ದಾಗ ಅಪ್ಪ ನನ್ನ ಅಂಗೈ ಗೀರಿದ್ದ. ಏನು ನಡೆದಿದೆ ಹೇಳು ಎಂದಿದ್ದ. ನಾನು ಹೇಳಿದ್ದನ್ನೆಲ್ಲ ಕೇಳಿ, ಒಲ್ಲೆ ಎಂದು ನನ್ನ ಕೈಯನ್ನು ಹೊರಗೆ ದೂಡಿದ್ದ. ಆ ಕೈಯಿಂದಲೇ ನಾನು ಸಹಿ ಮಾಡಿದ್ದೆ.

ಕಾಲಿನ ವಿಷಯ ಕಾಕಾನಿಗೆ ಸಿದ್ದನೇ ಹೇಳಿದ.

ಕಾಕಾ ಅಪ್ಪನ ಕಿವಿಯ ಹತ್ತಿರ ಬಾಗಿದರು. "ದ್ಯಾವ, ಕೇಳು. ಒಂದು ಕಾಲು ಕೇಳಾಕತ್ತಾರ. ಎಡಗಾಲು. ಕೊಟ್ರ ಜೀವ ಉಳಸಾಕ ನೋಡ್ತೀವಿ ಅಂತಾರ. ಕೊಡದಿದ್ರ ಹಂಗ ಮನಿಗೆ ಹೋಗೋದು, ನಾಕು ದಿನ. ಕಾಲು ಕೊಡದ ಹಂಗ ಹೋಗಾಕ ಕಬೂಲೇನು?"

ಕಾಕಾನ ಕೈ ವಲ್ಲಿಯಿಂದ ಹೊರಗೆ ಬಂತು. ದೂಡಿದ್ದು ನಮಗೆಲ್ಲ ಕಾಣಿಸಿತು.

ಕಾಕಾ ಮತ್ತೆ ಕೈ ಒಳಗೆ ಹಾಕಿದರು. "ಕಾಲು ಕೊಡ್ತಿ ಹಂಗಾರ?"

ಈ ಸಲ ಕೈ ಒಮ್ಮೆಲೇ ಹೊರಗೆ ಬರಲಿಲ್ಲ. ವಲ್ಲಿಯ ಕೆಳಗೆ ಏನೇನೋ ನಡೆಯಿತು, ಎರಡು ಸಲ ಕಾಕಾನ ಕೈ ಹೊರಗೆ ಬಂದು ಮತ್ತೆ ಒಳಗೆ ಹೋಯಿತು. ಕಾಕಾ ಒಮ್ಮೆ ಇಲ್ಲ ಎನ್ನುವಂತೆ ತಲೆಯಾಡಿಸಿದರು, ಒಮ್ಮೆ ಹುಬ್ಬೇರಿಸಿದರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ತುಟಿ ನಗುತ್ತಿತ್ತು.

"ಎಷ್ಟು ವರ್ಷ ಕೊಡ್ತೀರಿ ಅಂತ ಕೇಳಾಕತ್ತಾನ," ಎಂದರು. "ಒಂದು ವರ್ಷ ಅಂದೆ, ದೂಡಿದ. ಎರಡಂದೆ, ದೂಡಿದ. ಐದು ಹಿಡದಾನ, ಮತ್ತ ಐದು ಹಿಡದಾನ. ಹತ್ತಕ್ಕ ಕಮ್ಮಿ ಕಾಲು ಕೊಡಂಗಿಲ್ಲಂತ. ಇದು ಸಾಯೋನ ಮಾತಲ್ಲವ್ವಾ, ಯಾಪಾರಸ್ಥನ ಮಾತು."

ಅವ್ವ ನೆಲದ ಮೇಲೆ ಕುಸಿದು ಕೂತಳು. ಸಿದ್ದ ಡಾಕ್ಟರನ್ನು ಕರೆಯಲು ಓಡಿದ.

ಡಾಕ್ಟರು ಒಮ್ಮೆಲೇ ನಂಬಲಿಲ್ಲ, ನಂಬಬಾರದು ಕೂಡ. ಕಾಕಾ ತಮ್ಮ ಆಸೆಯನ್ನೇ ಅಪ್ಪನ ಬಾಯಿಗೆ ಹಾಕುತ್ತಿರಬಹುದಲ್ಲ, ನಾನು ಹಾಕಿದ ಹಾಗೆ. "ಇವರಿಗೆ ಗೊತ್ತಿರಬಾರದು, ನಿಮ್ಮಪ್ಪಂಗ ಗೊತ್ತಿರಬೇಕು, ಅಂಥಾದ್ದೊಂದು ಕೇಳ್ರಿ" ಎಂದು ನನಗೆ ಹೇಳಿದರು. "ಕಿವಿಯಾಗ ಮೆಲ್ಲಕ ಕೇಳ್ರಿ, ಇವರಿಗೆ ಕೇಳಿಸಬಾರದು."

ಏನು ಕೇಳಲಿ? ತಲೆ ಓಡಲಿಲ್ಲ. ಬಾಗಿ, ಅಪ್ಪನ ಕಿವಿಯಲ್ಲಿ, "ನಾ ಪಿಯುಸಿ ಎಷ್ಟು ಸಲ ಫೇಲಾದೆ ಅಪ್ಪ?" ಎಂದು ಕೇಳಿದೆ. ಎರಡು ಸಲ ಎಂದು ಊರಿಗೆಲ್ಲ ಹೇಳಿದ್ದೇನೆ, ಅವ್ವನಿಗೂ ಅಷ್ಟೇ ಗೊತ್ತು. ಮೂರನೆಯ ಸಲ ಫೀಸು ಕಟ್ಟಿದ್ದೂ ಅಪ್ಪನೇ, ಫೇಲಾದದ್ದನ್ನು ಮುಚ್ಚಿಟ್ಟದ್ದೂ ಅಪ್ಪನೇ.

ವಲ್ಲಿ ಅಲುಗಿತು. "ಮೂರು," ಎಂದರು ಕಾಕಾ. "ಏನದು ಮೂರು?"

ನಾನು ಮಂಚದ ಕಬ್ಬಿಣ ಹಿಡಿದುಕೊಂಡು ನಿಂತೆ. ಹನ್ನೊಂದು ದಿನದಿಂದ ಅಪ್ಪ ಒಳಗೇ ಇದ್ದ. ನಾವು ಅವನ ಎದುರು ಅವನನ್ನು ಮಣ್ಣು ಮಾಡುವ ಜಾಗದ ಮಾತಾಡಿದ್ದೆವು. ಎಷ್ಟು ಜನಕ್ಕೆ ಅಡುಗೆ ಮಾಡಿಸಬೇಕು ಎಂದು ಅವ್ವನ ಕಡೆಯವರು ಲೆಕ್ಕ ಹಾಕಿದ್ದರು. ಅವನು ಎಲ್ಲಾ ಕೇಳುತ್ತ, ಸಿಕ್ಕ ಸಿಕ್ಕವರ ಬೆರಳು ಹಿಡಿದು ತನ್ನ ಮಾತನ್ನು ಹೇಳುತ್ತ ಬಿದ್ದಿದ್ದ.

ಡಾಕ್ಟರು ಇನ್ನೂ ನಾಲ್ಕು ಪ್ರಶ್ನೆ ಹಾಕಿದರು. ತಿರುಗಿಸಿ ಕೇಳಿದರು, ಅರ್ಧ ತಾಸು ಬಿಟ್ಟು ಮತ್ತೆ ಬಂದು ಕೇಳಿದರು. ಉತ್ತರ ಅದೇ. ಕಾಲು ತೆಗೆಯಿರಿ, ಬದುಕಬೇಕು.

"ನಂದೂ ತಪ್ಪೈತಿ," ಎಂದರು ಡಾಕ್ಟರು, ಹಣೆ ಒರೆಸಿಕೊಂಡು. "ತಲಿ ಆಡಸೋದೊಂದ ನೋಡಿದೆ. ಲಕ್ವಾ ಹೊಡದ ಕೆಲವರಿಗೆ ಎಲ್ಲಾ ತಿಳೀತಿರ್ತೈತಿ, ಹೌದು ಅಲ್ಲ ಅಂತ ತಲಿಯಿಂದ ಹೇಳಾಕ ಬರಂಗಿಲ್ಲ, ರೂಢಿ ಮಾತ್ರ ಕೈಯಾಗ ಉಳದಿರ್ತೈತಿ. ಬ್ಯಾರೆ ದಾರಿ ಹುಡುಕಲಿಲ್ಲ." ಆಮೇಲೆ ಕಾಲಿನ ಬಟ್ಟೆ ಸರಿಸಿ ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಮುಖ ಓದುವ ನನ್ನ ವಿದ್ಯೆ ಅಷ್ಟರ ಮಟ್ಟಿಗೆ ಇನ್ನೂ ಉಳಿದಿತ್ತು.

"ಮಂಗಳವಾರ ಆಗಿದ್ರ ಮೊಣಕಾಲು ಉಳೀತಿತ್ತು. ಕೃತಕ ಕಾಲು ಹಾಕಿ ಹಿಡಕೊಂಡು ನಿಲ್ಲಾಕಾದ್ರೂ ಬರ್ತಿತ್ತು. ಈಗ ನಂಜು ಏರೈತಿ. ತೊಡಿ ಮಟ ತೆಗೀಬೇಕು."

ಯಾರೂ ನನ್ನ ಕಡೆ ನೋಡಲಿಲ್ಲ. ನೋಡಿ ಬೈದಿದ್ದರೆ ಒಳ್ಳೆಯದಿತ್ತು. ಸಿದ್ದ ಗೋಡೆಯ ಕಡೆ ತಿರುಗಿ ನಿಂತ. ಮೂರು ದಿನ. ನನ್ನ ಒಂದು ಸಹಿಗೆ ಅಪ್ಪನ ಮೊಣಕಾಲು ಹೋಗಿತ್ತು.

"ಇದನ್ನ ಅವಂಗ ಹೇಳಬ್ಯಾಡ್ರಿ," ಎಂದೆ. "ಎದಿ ಒಡಕೋತಾನ."

"ಮತ್ತ ನೀವ ಅವರ ಬದಲಿ ಹೇಳಾಕತ್ತೀರಿ," ಎಂದರು ಡಾಕ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಹೆಚ್ಚು ತಾಗಿತು. "ಅವರ ಕಾಲು, ಅವರಿಗೇ ಹೇಳಬೇಕು. ಹೇಳ್ರಿ ಸಾಬ್ರ."

ಕಾಕಾ ಹೇಳಿದರು. ವಲ್ಲಿ ಬಹಳ ಹೊತ್ತು ಅಲುಗಲಿಲ್ಲ. ಅಪ್ಪ ಕಣ್ಣು ಮುಚ್ಚಿಕೊಂಡಿದ್ದ. ಹೊರಗೆ ಬಸ್ ನಿಲ್ದಾಣದ ಕಡೆಯಿಂದ ಹಾರ್ನು ಕೇಳುತ್ತಿತ್ತು, ಮಸ್ಕಿ ಮಸ್ಕಿ ಎಂದು ಯಾರೋ ಕೂಗುತ್ತಿದ್ದರು. ಆಮೇಲೆ ವಲ್ಲಿ ಅಲುಗಿತು, ನಿಂತಿತು, ಮತ್ತೆ ಅಲುಗಿತು.

"ಮೊಣಕಾಲೂ ಕೇಳಿದ್ರ ಹತ್ತಕ್ಕ ಆಗಂಗಿಲ್ಲಂತ," ಎಂದರು ಕಾಕಾ. "ಹನ್ನೆರಡು."

ಅವ್ವ ನಕ್ಕುಬಿಟ್ಟಳು. ನಗುತ್ತಲೇ ಅಳತೊಡಗಿದಳು.

"ಹನ್ನೆರಡು ವರ್ಷ ಕೊಡೋದು ನನ್ನ ಕೈಯಾಗಿಲ್ಲ ಯಜಮಾನ್ರ," ಎಂದು ಡಾಕ್ಟರು ಅಪ್ಪನ ಮುಖದ ಹತ್ತಿರ ಬಾಗಿ ನೇರವಾಗಿ ಹೇಳಿದರು. "ಆಪರೇಷನ್ನಿನಾಗ ಹೋಗಬಹುದು. ಉಳಿದ್ರೂ ಲಕ್ವಾ ಹಂಗ ಇರ್ತೈತಿ. ಆಗೋದೆಲ್ಲಾ ಮಾಡ್ತೀನಿ, ಅಷ್ಟ ನನ್ನ ಮಾತು."

"ಹಂಗಾದ್ರ ನಿಮ್ಮ ಕೈ ನೀವ ಹಾಕ್ರಿ," ಎಂದು ಕಾಕಾ ಎದ್ದರು.

ಡಾಕ್ಟರು ಸ್ಟೂಲಿನ ಮೇಲೆ ಕೂತು, ಗಡಿಯಾರ ತೆಗೆದು ಜೇಬಿಗೆ ಹಾಕಿಕೊಂಡು, ವಲ್ಲಿಯ ಕೆಳಗೆ ಕೈ ಇಟ್ಟರು. ಸ್ವಲ್ಪ ಹೊತ್ತಿಗೆ ಅವರ ಮುಖ ಸಡಿಲಾಯಿತು. ಕಾಕಾ ಕೇಳುವ ಮುಂಚೆ ಅವರೇ, "ಅಂಗೈ ಒತ್ತಿದ್ರು" ಎಂದರು.

ಹೊಸ ಕಾಗದ ಬಂತು. ನಾನು ಅಭ್ಯಾಸಬಲದಿಂದ ಕೈ ಚಾಚಿದೆ. ಡಾಕ್ಟರು ಕಾಗದವನ್ನು ನನಗೆ ಕೊಡದೆ ಅಪ್ಪನ ಎದೆಯ ಮೇಲಿಟ್ಟರು. ಭುವನೇಶ್ವರಿ ಶಾಯಿ ಹಿಡಿದಳು. ಅಪ್ಪನ ಎಡಗೈ ಹೆಬ್ಬೆಟ್ಟು ಬಿತ್ತು. ಸಾಕ್ಷಿ ಎಂದು ಇಸ್ಮಾಯಿಲ್‌ಸಾಬ್ ಒಂದು ಸಹಿ, ಸಿದ್ದ ಒಂದು ಸಹಿ.

ಅಪ್ಪನನ್ನು ಒಳಗೆ ತೆಗೆದುಕೊಂಡು ಹೋದ ಮೇಲೆ ಕಾರಿಡಾರಿನ ಬೆಂಚಿನಲ್ಲಿ ಕಾಕಾನ ಪಕ್ಕ ಕೂತೆ. "ಅವನ ಬಾಯಿಂದ ಕೇಳಿದ್ದೆ ಕಾಕಾ," ಎಂದೆ. "ಸುಳ್ಳು ಹೇಳಲಿಲ್ಲ. ಕಾಲು ಹೋದ್ರ ಬದುಕು ಬ್ಯಾಡ ಅಂದಿದ್ದ. ಬಸ್ಸಿನಾಗ, ನನ್ನ ಬಾಜೂಕ ಕುಂತು ಅಂದಿದ್ದ."

"ಅಂದಿರ್ತಾನ. ನನ್ನ ಮುಂದನೂ ಅಂದಾನ," ಎಂದರು ಕಾಕಾ. "ನೀ ದಲ್ಲಾಳಿ ಮಗಳಾಗಿ ಇಷ್ಟು ತಿಳೀಲಿಲ್ಲಲ್ಲವ್ವಾ. ಅದು ಮೊದಲನೇ ರೇಟು. ಗಿರಾಕಿ ಎದುರಿಗಿಲ್ಲದಾಗ ಹೇಳಿದ ರೇಟು. ಸಂತ್ಯಾಗ ಮೊದಲ ಹೇಳಿದ್ದ ರೇಟಿಗೆ ಯಾರರ ಎತ್ತು ಬಿಚ್ಯಾರೇನು? ಖರೇ ರೇಟು ಕೈ ಹಿಡದ ಮ್ಯಾಲ ಬರ್ತೈತಿ."

ಮೂರು ತಾಸಿನ ಮೇಲೆ ಬಾಗಿಲು ತೆರೆಯಿತು. ಅಪ್ಪ ಉಳಿದಿದ್ದ.

ಒಂದೂವರೆ ತಿಂಗಳಾಯಿತು. ಅಪ್ಪ ಗೊರೇಬಾಳದಲ್ಲಿದ್ದಾನೆ. ಸಿದ್ದ ಅವನನ್ನು ಮುಂಜಾನೆ ಎತ್ತಿ ತಂದು ಮನೆ ಮುಂದೆ ಗಾಲಿಕುರ್ಚಿಯಲ್ಲಿ ಕೂರಿಸುತ್ತಾನೆ, ಸಂಜೆ ಎತ್ತಿ ಒಳಗೆ ಒಯ್ಯುತ್ತಾನೆ. ಆಸ್ಪತ್ರೆಯಲ್ಲಿ ಸಿದ್ದನಿಗೆ ನಾನಂದ ಮಾತನ್ನು ಅವನು ಎತ್ತಿಲ್ಲ. ಕ್ಷಮಿಸು ಎಂದು ನಾನೂ ಬಾಯಿಬಿಟ್ಟು ಹೇಳಿಲ್ಲ, ಆದರೆ ಅವನೆದುರು ಈಗ ನಾನು ಸ್ವಲ್ಪ ಕಡಿಮೆ ಮಾತಾಡುತ್ತೇನೆ.

ವಲ್ಲಿಯ ಮಾತನ್ನು ಕಾಕಾ ನನಗೆ ಬಸ್ಸಿನಲ್ಲೇ ಕಲಿಸಿದರು. ಮಸ್ಕಿಯಲ್ಲಿ ಹತ್ತಿ ಸಿಂಧನೂರಿನಲ್ಲಿ ಇಳಿಯುವವರೆಗೆ, ಟಿಕೆಟು ಹರಿಯುವ ನಡುನಡುವೆ, ಹಿಂದಿನ ಸೀಟಿನಲ್ಲಿ ಟವೆಲ್ಲು ಹಾಸಿಕೊಂಡು. ಕಂಡಕ್ಟರಮ್ಮ ಯಾವ ಎತ್ತು ಹಿಡಿಯಲು ಹೊರಟಿದ್ದಾಳೆ ಎಂದು ಜನ ನಕ್ಕರು. ನಗಲಿ.

ಈ ಭಾನುವಾರ ರಜೆ ಇತ್ತು. ಮನೆಯಲ್ಲಿ ಅಪ್ಪ, ನಾನು ಇಬ್ಬರೇ. ಅವನ ವಲ್ಲಿಯನ್ನು ನಮ್ಮಿಬ್ಬರ ಕೈಮೇಲೆ ಹಾಸಿದೆ. ಅಪ್ಪ ಹುಬ್ಬೇರಿಸಿ ನೋಡಿದ. ಗಂಡಸರ ವಲ್ಲಿಯೊಳಗೆ ಮಗಳ ಕೈ.

"ಅಪ್ಪ," ಎಂದೆ. "ಆ ಮಂಗಳವಾರ ದವಾಖಾನ್ಯಾಗ ನಾ ಹೇಳಿದ್ದೆಲ್ಲಾ ನಿನಗ ಕೇಳಿಸಿತ್ತಲ್ಲ?"

ಅಂಗೈಗೆ ಅಂಗೈ ಒತ್ತಿದ. ಹೌದು.

"ಮೊಣಕಾಲು ನನ್ನಿಂದ ಹೋತು. ನಿನಗ ಗೊತ್ತೈತಿ."

ಮತ್ತೆ ಒತ್ತಿದ.

"ಹೊಟ್ಟ್ಯಾಗ ಹಾಕ್ಕೋತಿ ಏನಪ್ಪ?"

ಅಪ್ಪ ನನ್ನ ಕೈಯನ್ನು ಹೊರಗೆ ದೂಡಿದ.

ಹಣೆಯಲ್ಲಿ ಬರೆದದ್ದೇ ಅಷ್ಟು ಎಂದುಕೊಂಡೆ. ಸಿಟ್ಟು ಬರಲಿಲ್ಲ, ಅಳು ಬಂತು. ಅವನ ಸಿಟ್ಟು ನ್ಯಾಯವಾದದ್ದು. ಕಣ್ಣೊರೆಸಿಕೊಂಡು, ಚೀಲ ತೆಗೆದುಕೊಂಡು ಎದ್ದೆ. ಸೆರಗು ಎಲ್ಲೋ ಸಿಕ್ಕಿಕೊಂಡಿತು. ತಿರುಗಿ ನೋಡಿದರೆ ಅಪ್ಪ ಹಿಡಿದಿದ್ದ. ಕೂರು ಎಂದು ಗದ್ದದಿಂದ ತೋರಿಸಿದ. ಜಾರಿದ ವಲ್ಲಿಯನ್ನು ತಾನೇ ಎಡಗೈಯಿಂದ ಎಳೆದು, ಒದ್ದಾಡಿ, ಮತ್ತೆ ನಮ್ಮ ಕೈಗಳ ಮೇಲೆ ಮುಚ್ಚಿದ. ಹೆಬ್ಬೆರಳಿನಿಂದ ನನ್ನ ಅಂಗೈಯನ್ನು ಒಮ್ಮೆ ಗೀರಿದ.

ಏನು ಕೊಡ್ತಿ, ಹೇಳು.

ನಾನು ಅವನ ಎರಡು ಬೆರಳು ಹಿಡಿದೆ. "ತಿಂಗಳಿಗೆ ಎರಡು ಸಂತಿ. ನನ್ನ ಬಸ್ಸಿನಾಗ, ನಾನ ಎತ್ತಿ ಕುಂದರಿಸಿ ಕರಕೊಂಡು ಹೋಗ್ತೀನಿ."

ದೂಡಿದ. ನಾನು ಕೈ ಮತ್ತೆ ಒಳಗೆ ಹಾಕಿದೆ.